ಓಲ್ವೆರಾ ಸ್ಟ್ರೀಟ್: ಸಂತೆ ಕೆಳಗೆ, ಚಿತ್ರ ಮಹಡಿ ಮೇಲೆ

ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ ಎದುರಿಗೆ ರಸ್ತೆ ದಾಟಿದರೆ ಓಲ್ವೆರಾ ಸ್ಟ್ರೀಟ್. ವಾಹನ ಬಿಡದ, ಇಟ್ಟಿಗೆ ಹಾಸಿದ ಪುಟ್ಟ ಬೀದಿ. ಐದು ನಿಮಿಷದಲ್ಲಿ ನಡೆದು ಮುಗಿಸಬಹುದು, ಅಂಗಡಿಯವರು ಬಿಟ್ಟರೆ! ಚರ್ಮದ ಬೆಲ್ಟು, ಮಕ್ಕಳ ಗಿಟಾರು, ಕುಸ್ತಿಪಟುಗಳ ಮುಖವಾಡ, ಹಲ್ಲುಕಿರಿಯುವ ತಲೆಬುರುಡೆ, ತಲೆಗೆ ತಾಗುವಂತೆ ತೂಗುಹಾಕಿದ ಪಿನ್ಯಾಟಗಳು (ಒಳಗೆ ಮಿಠಾಯಿ ತುಂಬಿ ಒಡೆಯುವ ಕಾಗದದ ಬೊಂಬೆಗಳು).

ಬೀದಿ ಹಳೆಯದೇ. ಇಲ್ಲಿನ ಆವಿಲಾ ಅಡೋಬಿ 1818ರ ಮನೆ. ಊರಲ್ಲಿ ಉಳಿದಿರುವ ಮನೆಗಳಲ್ಲೇ ಹಳೆಯದು. ಹಸಿ ಇಟ್ಟಿಗೆಯ ದಪ್ಪ ಗೋಡೆ, ಒಳಗೆ ಹಾಯಾದ ತಂಪು. ಟಿಕೆಟ್ ಇಲ್ಲ, ಸುಮ್ನೆ ಒಳಗೆ ಹೋಗಬಹುದು. ಆದರೆ ಈ ಸಂತೆ ಶುರುವಾದದ್ದು 1930ರಲ್ಲಿ. ಬೀಳುವಂತಿದ್ದ ಆ ಮನೆಯನ್ನು ಉಳಿಸಲು ಹಟ ಹಿಡಿದ ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬಾಕೆ ಇಡೀ ಬೀದಿಗೇ ಮೆಕ್ಸಿಕೋ ವೇಷ ತೊಡಿಸಿದಳು.

ಮರುವರ್ಷವೇ ಪಕ್ಕದ ಪ್ಲಾಜಾ ಎಂಬ ಚೌಕಕ್ಕೆ ಪೊಲೀಸರು, ವಲಸೆ ಅಧಿಕಾರಿಗಳು ನುಗ್ಗಿದರು. ಸುಮಾರು 400 ಜನರನ್ನು ತಡೆದು ಕಾಗದಪತ್ರ ಕೇಳಿದರು. ಮೆಕ್ಸಿಕೋದ ಬಣ್ಣ ಬೇಕು, ಜನ ಬೇಡ. ವಿಚಿತ್ರ ಅಲ್ವಾ?

ಇದಕ್ಕೆ ಉತ್ತರದಂತಿರುವ ಚಿತ್ರ ಇಲ್ಲಿನ ಇಟಾಲಿಯನ್ ಹಾಲ್ ಎಂಬ ಕಟ್ಟಡದ ಮೇಲಂತಸ್ತಿನ ಹೊರಗೋಡೆಯಲ್ಲಿದೆ. 1932ರಲ್ಲಿ ಮೆಕ್ಸಿಕೋದ ಕಲಾವಿದ ಸಿಕೇರೊಸ್‌ಗೆ ಬರೆಯಲು ಕೊಟ್ಟ ವಿಷಯ 'ಉಷ್ಣವಲಯದ ಅಮೆರಿಕ'. ಗಿಳಿ, ಹಣ್ಣು, ಹಸಿರು ಬರುತ್ತದೆ ಎಂದು ಬರೆಸಿದವರು ಅಂದುಕೊಂಡಿದ್ದರು. ಆತ ಬರೆದದ್ದು ಜೋಡಿ ಶಿಲುಬೆಗೆ ಕಟ್ಟಿದ ಮೂಲನಿವಾಸಿ ಕೂಲಿಯನ್ನು. ಅವನ ತಲೆಯ ಮೇಲೆ ರೆಕ್ಕೆ ಬಿಚ್ಚಿದ ಅಮೆರಿಕದ ಹದ್ದು. ಬಲಗಡೆ ಮೂಲೆಯಲ್ಲಿ ಆ ಹದ್ದಿಗೇ ಗುರಿಯಿಟ್ಟ ಇಬ್ಬರು ಬಂದೂಕುಧಾರಿಗಳು. ಮೊದಲು ಬೀದಿಗೆ ಕಾಣುವ ಭಾಗಕ್ಕೆ ಬಿಳಿ ಬಣ್ಣ ಬಳಿದರು, ಆಮೇಲೆ ಪೂರ್ತಿ ಗೋಡೆಗೆ. ದಶಕಗಳ ನಂತರ ಬಿಳಿ ಉದುರಿ ಕೆಳಗಿನ ಗೆರೆಗಳು ಇಣುಕತೊಡಗಿದವು. ಗೆಟ್ಟಿ ಸಂಸ್ಥೆ ಅದನ್ನು ಜೋಪಾನ ಮಾಡಿ, 2012ರಿಂದ ಜನರಿಗೆ ನೋಡಲು ಅವಕಾಶವಾಯಿತು. ಹೊಸ ಬಣ್ಣ ತುಂಬಿಲ್ಲ. ಚಿತ್ರ ನೋಡಲೆಂದೇ ಇರುವ ಅಟ್ಟಣಿಗೆಯಿಂದ ನೋಡಿದರೆ ಮಾಸಿದ ಮಣ್ಣುಬಣ್ಣವೇ ಜಾಸ್ತಿ. ಕಣ್ಣು ಹೊಂದಿಕೊಂಡ ಮೇಲೆ ಶಿಲುಬೆ ಕಾಣುತ್ತದೆ, ಆಮೇಲೆ ಹದ್ದು. ತುಂಬದೇ ಬಿಟ್ಟದ್ದು ನನಗಂತೂ ಸರಿ ಅನ್ನಿಸಿತು.

ಕೆಳಗಿಳಿದರೆ ಹಸಿವು. 1934ರಿಂದ ನಡೆಯುತ್ತಿರುವ ಸಿಯೆಲಿಟೊ ಲಿಂಡೊ ಎಂಬ ತಿಂಡಿ ಅಂಗಡಿ ಮುಂದೆ ಸಾಲು. ಮೆಕ್ಕೆಜೋಳದ ರೊಟ್ಟಿಯೊಳಗೆ ಗೋಮಾಂಸ ಸುತ್ತಿ, ಗರಿಗರಿಯಾಗಿ ಕರಿದು, ಮೇಲೆ ಬೆಣ್ಣೆಹಣ್ಣಿನ ತೆಳು ಸಾಸ್ ಹುಯ್ದು ಕೊಡುತ್ತಾರೆ. ಸಾಸ್ ಹೀರಿ ಮೆತ್ತಗಾಗುವ ಮೊದಲೇ ತಿನ್ನಬೇಕು. ಮಾಂಸ ತಿನ್ನದವರಿಗೆ ಚುರೋ ಎಂಬ ಕರಿದ ಸಿಹಿತಿಂಡಿ ಇದೆ, ಸಕ್ಕರೆ ಮೀಸೆಗೆಲ್ಲ ಅಂಟುತ್ತದೆ.

ಹೋಗುವವರು ಮೊದಲು ಚಿತ್ರ ನೋಡಿಬಿಡಿ. ಅಂಗಡಿಗಳು ಕಾಯುತ್ತವೆ, ಅಟ್ಟಣಿಗೆಯ ಬಾಗಿಲು ಸಂಜೆಗೆ ಮೊದಲೇ ಹಾಕುತ್ತಾರೆ.