ಕಾದಂಬರಿ ಎಲ್ಲಿಗೆ ಬಂತು: ಮಳೆ ತೆಗ್ದದ್ದು, ಡೈನಮೋ ಸುತ್ತಿದ್ದು

ಆರು ತಿಂಗಳಾಯ್ತು ಇದ್ರ ಬಗ್ಗೆ ಬರೀದೆ. ಸಿಕ್ಕಿದವ್ರಿಗೆಲ್ಲ "ಬರೀತಾ ಉಂಟು, ಬರೀತಾ ಉಂಟು" ಅಂತ ಹೇಳಿ ನಂಗೇ ನಾಚಿಕೆ ಆಗ್ಲಿಕ್ಕೆ ಶುರುವಾಯ್ತು, ಹಾಗಾಗಿ ಇವತ್ತು ಲೆಕ್ಕ ಒಪ್ಪಿಸ್ತೇನೆ. 14 ಅಧ್ಯಾಯದಲ್ಲಿ 9 ಮುಗ್ದಿದೆ, ಮುಗ್ದದ್ರಲ್ಲಿ 3 ಹರ್ದು ಮತ್ತೆ ಬರ್ದದ್ದು. ಬೆಳಿಗ್ಗೆ 5ರಿಂದ ಆರೂವರೆ ತನಕ ಮಾತ್ರ ಟೈಮು, ಆಮೇಲೆ ಗೇರುಬೀಜದ ಫ್ಯಾಕ್ಟರಿ, ಅಲ್ಲಿಯ ಅಕೌಂಟ್ಸು.

ಗೊತ್ತಿಲ್ಲದವ್ರಿಗೆ: ಕತೆ ನಡೆಯೋದು ಶ್ರೀಲಂಕಾದ ಯಾಳ್ಪಾಣದಲ್ಲಿ, ಅಂದ್ರೆ ಜಾಫ್ನಾ. ಹುಡುಗನಿಗೆ 1990ರಲ್ಲಿ 11 ವರ್ಷ, 1995ರಲ್ಲಿ 16. ಯುದ್ಧದ ನಡುವೆ ಮೀಸೆ ಬರುವ ಕತೆ ಅಂತ ಹೆಂಡತಿ ಹೇಳ್ತಾಳೆ, ನಂಗೂ ಅದೇ ಸರಿ ಕಾಣ್ತದೆ.

ದೊಡ್ಡ ಎಡವಟ್ಟು ಮೊದಲ್ನೇ ಅಧ್ಯಾಯದಲ್ಲೇ ಆದದ್ದು. ಜೂನ್ 1990, ಸೈನ್ಯಕ್ಕೂ ಹುಲಿಗಳಿಗೂ (ತಮಿಳರಿಗೆ ಬೇರೆ ದೇಶ ಬೇಕು ಅಂತ ಹೋರಾಡ್ತಾ ಇದ್ದ ಎಲ್‌ಟಿಟಿಇ) ಯುದ್ಧ ಮತ್ತೆ ಶುರುವಾಯ್ತು, ಕರೆಂಟ್ ಹೋಯ್ತು, ಹೊರಗೆ ಧೋ ಅಂತ ಮಳೆ, ಮಾಡಿಂದ ನೀರು ಸುರೀತಾ ಉಂಟು, ಅಜ್ಜಿ ಹಪ್ಪಳ ಸುಡ್ತಾ ಇದ್ದಾಳೆ. ನಾಲ್ಕು ಪುಟ ಬರ್ದು ಭಾರಿ ಖುಷಿಯಲ್ಲಿದ್ದೆ. ಎರಡು ತಿಂಗಳು ಕಳ್ದ ಮೇಲೆ ತಲೆಗೆ ಹೊಳೀತು, ಅಲ್ಲಿ ಜೂನಲ್ಲಿ ಎಂತ ಮಳೆ ಮಾರಾಯ್ರೆ, ಅವರದ್ದು ಹಿಂಗಾರು, ಅಕ್ಟೋಬರಿಂದ ಡಿಸೆಂಬರ್. ಜೂನ್ ಅಂದ್ರೆ ಅಲ್ಲಿ ಒಣಬಿಸಿಲು, ಗಾಳಿ, ತಾಳೆಮರದ ಗರಿಗಳ ಪರಪರ ಸದ್ದು. ಉಡುಪಿಯವನ ಕೈ, ಜೂನ್ ಅಂತ ಬರ್ದ ಕೂಡ್ಲೇ ತಾನಾಗಿ ಮಳೆ ಸುರಿಸಿಬಿಟ್ಟಿತ್ತು. ಹಪ್ಪಳ ಸಮೇತ ತೆಗ್ದೆ. ಒಟ್ಟಾರೆ ನಮ್ಮ ಊರಿನ ಹಾಗೇ ಕಾಣುವ ಕಡೆಯೆಲ್ಲ ನಾನು ಬಿದ್ದಿದ್ದೇನೆ, ಬೇರೆ ಅಂತ ಮೊದಲೇ ಗೊತ್ತಿದ್ದದ್ದನ್ನ ಕೇಳಿ ಓದಿ ಸರಿಯಾಗೇ ಬರ್ದಿದ್ದೆ.

ಭಾಷೆದೂ ಅದೇ ಕತೆ. ಯಾಳ್ಪಾಣದ ತಮಿಳು ಚೆನ್ನೈಯವ್ರ ಕಿವಿಗೆ ಬೇರೆಯೇ, ನಮ್ಮ ಕುಂದಾಪ್ರ ಕನ್ನಡ ಬೆಂಗಳೂರಿನವ್ರಿಗೆ ಹೇಗೋ ಹಾಗೆ. ನಾನು ಹುಟ್ಟಿದ್ದು ಕುಂದಾಪ್ರದ ಹತ್ರ, ಮತ್ತೆಂತ ಬೇಕು, ಮಾತುಕತೆಯೆಲ್ಲ ಕುಂದಾಪ್ರದ್ದು ಹಾಕಿದೆ. ಶೆಲ್ ಬೀಳ್ತಾ ಇರುವಾಗ ತಾಯಿ "ಎಲ್ಲಿಗ್ ಹೋಪ್ದ್ ಮಗಾ" ಅಂತಾಳೆ. ಕಿನ್ನಿಮೂಲ್ಕಿಯಲ್ಲಿ ಮನೆಗೆ ಬಂದ ಇಬ್ರು ಸ್ನೇಹಿತರಿಗೆ ಓದಿದೆ, ಇಬ್ರೂ ನಕ್ಕರು. ನಗುವ ಜಾಗ ಅಲ್ಲ ಅದು. ಕುಂದಾಪ್ರ ಕನ್ನಡ ಕೇಳಿದ್ರೆ ನಮ್ಮ ಜನಕ್ಕೆ ಕಾಮಿಡಿ ನಾಟಕ ನೆನಪಾಗ್ತದೆ, ಅದು ಭಾಷೆಯ ತಪ್ಪಲ್ಲ ಆದ್ರೂ ನನ್ನ ತಾಯಿಪಾತ್ರಕ್ಕೆ ಅದ್ರಿಂದ ಪೆಟ್ಟು. ಈಗ ಮಾಮೂಲಿ ಊರಿನ ಕನ್ನಡ, ಗಟ್ಟಿ ಪ್ರಾಂತ್ಯದ ಶಬ್ದ ಇಲ್ಲ.

ಎರಡು ಶಬ್ದ ಮಾತ್ರ ಇನ್ನೂ ಕಾಡ್ತಾ ಉಂಟು. ಯಾಳ್ಪಾಣದಲ್ಲಿ ಹೌದು ಅನ್ಲಿಕ್ಕೆ "ಓಂ" ಅಂತಾರೆ. ಅದನ್ನ ಹಾಗೇ ಇಟ್ರೆ ನಮ್ಮವ್ರು ಮಂತ್ರ ಅಂದ್ಕೊಳ್ತಾರೆ, "ಊಟ ಆಯ್ತಾ?" "ಓಂ." ಬೇಡ ಅಂತ ಬಿಟ್ಟೆ, ಹೂಂ ಅಂತ ಹಾಕಿದೆ, ಸ್ವಲ್ಪ ಬೇಜಾರು ಉಂಟು. ಇನ್ನೊಂದು "ಪೆಡಿಯಳ್". ಹುಡುಗರು ಅಂತ ಅರ್ಥ, ಆದ್ರೆ ಬಂದೂಕು ಹಿಡ್ದವ್ರಿಗೂ ಜನ ಹೇಳ್ತಾ ಇದ್ದದ್ದು ಅದನ್ನೇ. ಇದು ನಂಗೆ ಇಡೀ ಕಾದಂಬರಿಯ ಕೀಲಿ, ಯಾಕಂದ್ರೆ ನನ್ನ ಹುಡುಗ ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಹೋಗ್ತಾನಾ ಇಲ್ವಾ ಅನ್ನೋದೇ ತಾಯಿಯ ಐದು ವರ್ಷದ ಹೆದರಿಕೆ. ಕುಂದಾಪ್ರದ "ಮಾಣಿ" ಹಾಕಿ ನೋಡಿದೆ. "ರಾತ್ರಿ ಮಾಣಿಗಳು ಬಂದಿದ್ರು" ಅಂದ್ರೆ ಉಡುಪಿ ಹೋಟ್ಲಲ್ಲಿ ದೋಸೆ ತಂದು ಕೊಡುವವ್ರು ಕಣ್ಮುಂದೆ ಬರ್ತಾರೆ. ಕೊನೆಗೆ ಬರೀ "ಹುಡುಗರು". "ನಮ್ಮ ಹುಡುಗ ಇನ್ನೂ ಹುಡುಗರ ಹತ್ರ ಹೋಗ್ಲಿಲ್ಲ" ಅಂತ ತಾಯಿ ಪಕ್ಕದ ಮನೆಯವ್ಳಿಗೆ ಹೇಳುವ ಸಾಲು ಉಂಟು, ಅದು ಕೂತಿತು.

ಮಧ್ಯದಲ್ಲಿ ಒಂದು ಭಾನುವಾರ ಸುಳ್ಯದ ಕಡೆಗೆ ಹೋಗಿದ್ದೆ. ಅಲ್ಲಿ ರಬ್ಬರ್ ತೋಟದಲ್ಲಿ ಸಿಲೋನಿಂದ ಬಂದ ತಮಿಳರು ಇದ್ದಾರಲ್ಲ, ಯುದ್ಧದ ಬಗ್ಗೆ ಕೇಳುವ ಅಂತ. ಒಬ್ಬ ಅಜ್ಜ ಚಾ ಕೊಟ್ಟು, ಎಲ್ಲ ಕೇಳಿಸ್ಕೊಂಡು, "ಯಾಳ್ಪಾಣವಾ, ನಾನು ನೋಡ್ಲೇ ಇಲ್ಲ" ಅಂದ್ರು. ಅವ್ರು ಗುಡ್ಡದ ಮೇಲಿನ ಚಾ ತೋಟದವ್ರು, 1964ರಲ್ಲಿ ಎರಡೂ ದೇಶದ ಪ್ರಧಾನಿಗಳು ಮಾಡಿದ ಶಾಸ್ತ್ರಿ-ಸಿರಿಮಾವೋ ಒಪ್ಪಂದದಲ್ಲಿ ಇಲ್ಲಿಗೆ ಕಳಿಸಿದ್ದು. 5,25,000 ಜನರನ್ನ ಭಾರತ ತಗೊಳ್ಬೇಕು ಅಂತ ಅದ್ರಲ್ಲಿ ಬರ್ದಿತ್ತು, ಈ ಜನರನ್ನ ಮಾತ್ರ ಯಾರೂ ಕೇಳ್ಲಿಲ್ಲ. ಓದಿದ್ದೆ ನಾನು ಇದನ್ನ, ಆದ್ರೂ ಸಿಲೋನು ತಮಿಳು ಅಂತ ಒಂದೇ ಚೀಲಕ್ಕೆ ತುಂಬಿ ಹೋದದ್ದು. ಬರುವಾಗ ಬಸ್ಸಲ್ಲಿ ತಲೆ ಎತ್ತಲಿಲ್ಲ.

ಒಳ್ಳೇದು ಅಂದ್ರೆ ತಾರೀಕು ಸಿಕ್ಕಿದ್ದು. 1990 ಅಕ್ಟೋಬರ್ 30, ಜಾಫ್ನಾ ಪೇಟೆಯ ಮುಸ್ಲಿಮರಿಗೆಲ್ಲ ಎರಡು ಗಂಟೆಯಲ್ಲಿ ಊರು ಬಿಡಿ ಅಂತ ಹುಲಿಗಳು ಹೇಳಿದ ದಿನ. ಆ ತಿಂಗಳು ಉತ್ತರದಿಂದ ಹೊರಗೆ ಹಾಕಿದ್ದು 70 ಸಾವಿರಕ್ಕೂ ಹೆಚ್ಚು ಜನರನ್ನ. ಸರಿ ಐದು ವರ್ಷ ಬಿಟ್ಟು ಅದೇ ಅಕ್ಟೋಬರ್ 30, ಸೈನ್ಯ ಹತ್ರ ಬಂತು ಅಂತ ಇಡೀ ಊರೇ ಖಾಲಿಯಾದ ದಿನ. ನಾನು ಕಟ್ಟಿದ್ದಲ್ಲ, ಚರಿತ್ರೆಯೇ ಹಾಗೆ ಉಂಟು. ನನ್ನ ಹುಡುಗನ ಗೆಳೆಯ ಮೊದಲ್ನೇ ತಾರೀಕಿಗೆ ಸೈಕಲ್ ಇವನ ಅಂಗಳದಲ್ಲಿ ಬಿಟ್ಟು ಹೋಗ್ತಾನೆ, ಎರಡ್ನೇ ತಾರೀಕಿಗೆ ಇವ ಅದನ್ನೇ ದೂಡ್ಕೊಂಡು ಹೊರಡ್ತಾನೆ. ನಡುವಿನ ಐದು ವರ್ಷ ಅದ್ರ ಡೈನಮೋದಲ್ಲಿ ರೇಡಿಯೋ.

ಅದು ಕಟ್ಟುಕತೆ ಅಲ್ಲ. ಬ್ಯಾಟ್ರಿ ನಿಷೇಧ, ಕರೆಂಟಿಲ್ಲ, ಸೀಮೆಎಣ್ಣೆಗೆ ಬೆಂಕಿಯ ರೇಟು, ಜಾಮ್ ಬಾಟ್ಲಿಯಲ್ಲಿ ಹತ್ತಿ ಹಾಕಿ ದೀಪ. ಸೈಕಲ್ ಪೆಡಲ್ ತಿರುಗಿಸಿ ತಮಿಳೋಸೈ, ಅಂದ್ರೆ ಬಿಬಿಸಿಯ ತಮಿಳು ರೇಡಿಯೋ, ಕೇಳ್ತಾ ಇದ್ರು. ನಾನೂ ಅಪ್ಪನ ಹಳೇ ಸೈಕಲ್ ತಲೆಕೆಳಗೆ ಇಟ್ಟು ಮಾಡಿದೆ. ನೇರ ಕೊಟ್ಟ ಮೊದಲ್ನೇ ರೇಡಿಯೋ ಗುಂಯ್ ಅಂತ ಸುಟ್ಟು ಹೋಯ್ತು, ಡೈನಮೋದಿಂದ ಬರೋದು ಎಸಿ ಅಂತ ರಿಪೇರಿಯವ ಬೈದು ನಾಲ್ಕು ಡಯೋಡ್, ಒಂದು ಕೆಪಾಸಿಟರ್ ಕೊಟ್ಟ. ಎರಡ್ನೇದ್ರಲ್ಲಿ ಮಂಗಳೂರು ಆಕಾಶವಾಣಿ ಬಂತು. ಕೈ ಸ್ವಲ್ಪ ನಿಧಾನ ಆದ್ರೆ ವಾರ್ತೆ ಓದುವವ್ರ ಸ್ವರ ಬಾವಿಗೆ ಇಳೀತದೆ, ಜೋರು ತಿರುಗಿಸಿದ್ರೆ ಮೇಲೆ. ಹತ್ತು ನಿಮಿಷಕ್ಕೆ ಭುಜ ಬಿದ್ದು ಹೋಯ್ತು. 7ನೇ ಅಧ್ಯಾಯ ಅವತ್ತೇ ಬದಲಾಯ್ತು: ಸತ್ತವ್ರ ಲೆಕ್ಕ ಬರುವಾಗ ಹುಡುಗ ಬೇಕಂತಲೇ ಕೈ ನಿಧಾನ ಮಾಡ್ತಾನೆ, ಅಜ್ಜಿಗೆ ಕೇಳ್ಬಾರ್ದು ಅಂತ.

ಈಗ 10ನೇದು, ಊರು ಬಿಟ್ಟವ್ರು ಯಾಳ್ಪಾಣದ ಹೊರಗಿನ ನಾವತ್‌ಕುಳಿ ಸೇತುವೆ ದಾಟುವ ರಾತ್ರಿ. ಇಲ್ಲಿ ಮಳೆ ಉಂಟು, ಮೊದಲ್ನೇ ಅಧ್ಯಾಯದಿಂದ ತೆಗ್ದು ಇಟ್ಟದ್ದು ಉಪಯೋಗಕ್ಕೆ ಬಂತು. ಸೈಕಲ್ ಕ್ಯಾರಿಯರ್ ಮೇಲೆ ಅಜ್ಜಿಯನ್ನ ಕೂರಿಸೋದಾ ಅಕ್ಕಿ ಕಟ್ಟೋದಾ ಅಂತ ಮೂರು ಸಲ ಬದ್ಲಿಸಿದೆ, ಸದ್ಯ ಅಜ್ಜಿ ಕ್ಯಾರಿಯರಲ್ಲಿ, ಅಕ್ಕಿ ಹ್ಯಾಂಡ್ಲಲ್ಲಿ. ನಿನ್ನೆ ಓದಿ ನೋಡಿದ್ರೆ "ಅಕ್ಕಿ ಮುಡಿ" ಅಂತ ಬರ್ದಿದ್ದೆ. ಬೈಹುಲ್ಲಿನ ಮುಡಿ ಅಲ್ಲಿಗೆ ಎಲ್ಲಿಂದ ಬರ್ಬೇಕು, ಗೋಣಿಚೀಲ ಅಂತ ತಿದ್ದಿ ಫ್ಯಾಕ್ಟರಿಗೆ ಹೊರಟೆ.