ಔಷಧದ ಚೀಟಿಯಲ್ಲಿ ಒಂದು ಸೊನ್ನೆ

ಇಲ್ಲಿ ಓಹಿಯೋದಲ್ಲಿ ರಾತ್ರಿ ಒಂಬತ್ತಾದಾಗ ದಾವಣಗೆರೆಯಲ್ಲಿ ಬೆಳಗಿನ ಆರೂವರೆ. ನಿಟುವಳ್ಳಿಯ ಮನೆಯಲ್ಲಿ ಅಕ್ಕನ ಮಗಳು ಪುಸ್ತಕ ಹರಡಿಕೊಂಡು ಕೂತಿರುತ್ತಾಳೆ, ಇಲ್ಲಿ ಊಟದ ಮೇಜಿನ ಮೇಲೆ ನಾನು. ಅವಳಿಗೆ ಹತ್ತೊಂಬತ್ತು, ನನಗೆ ಮೂವತ್ತನಾಲ್ಕು. ಓದುತ್ತಿರುವುದು ಇಬ್ಬರೂ ನರ್ಸಿಂಗ್. ಅಮೆರಿಕದಲ್ಲಿ ಈ ಓದು ಹೇಗಿರುತ್ತದೆ ಎಂದು ಅವಳ ಗೆಳತಿಯರೂ ಕೇಳತೊಡಗಿದ್ದಾರೆ. ಅವರಿಗಾಗಿ ಈ ಬರಹ.

ನಮ್ಮೂರಿನ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಯಾವ ಸೆಮಿಸ್ಟರಿಗೆ ಯಾವ ವಿಷಯ ಎಂಬುದು ಮೊದಲೇ ನಿಗದಿ. ಮೊದಲನೆಯದರಲ್ಲಿ ಅಂಗರಚನಾಶಾಸ್ತ್ರ, ಶರೀರಶಾಸ್ತ್ರಗಳ ಜೊತೆಗೇ ನರ್ಸಿಂಗ್ ಫೌಂಡೇಶನ್. ಸೂಕ್ಷ್ಮಜೀವಿಶಾಸ್ತ್ರ ಬರುವುದು ಮೂರನೆಯದರಲ್ಲಿ. ಇಲ್ಲಿನ ಕಮ್ಯೂನಿಟಿ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜುಗಳಲ್ಲಿ, ಕೆಲವು ವಿಜ್ಞಾನ ವಿಷಯಗಳನ್ನು ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕು, ಉಳಿದವನ್ನು ಯಾವಾಗ ತೆಗೆದುಕೊಳ್ಳುವುದು ಎಂಬುದು ಬಹುಮಟ್ಟಿಗೆ ನಮ್ಮ ಆಯ್ಕೆ. ಹೊರೆ ಕಟ್ಟುವವರೂ ನಾವೇ, ಹೊರುವವರೂ ನಾವೇ.

ನಾನು ಬಿ.ಕಾಂ. ಓದಿದವಳು. ಎಸ್ಸೆಸ್ಸೆಲ್ಸಿಯ ನಂತರ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಒಂದು ಸೆಮಿಸ್ಟರ್ ಉಳಿದೀತು ಎಂಬ ಆಸೆಯಿಂದ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎರಡನ್ನೂ ನರ್ಸಿಂಗ್ ತರಗತಿಯ ಜೊತೆಗೇ ಸೇರಿಸಿಕೊಂಡೆ. ವಿಜ್ಞಾನದ ಒಂದೊಂದು ವಿಷಯಕ್ಕೂ ವಾರಕ್ಕೆ ಮೂರು ಗಂಟೆ ಪಾಠ, ಮೂರು ಗಂಟೆ ಪ್ರಯೋಗಾಲಯ. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿರಬೇಕು. ರಸಾಯನಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ ಅರವತ್ತೊಂದು, ನರ್ಸಿಂಗ್‌ಗೆ ಅದು ಸಾಲದು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ.

ಹೊತ್ತು ಸಾಲದು ಎಂಬುದು ಎಲ್ಲರಿಗೂ ತಿಳಿದದ್ದೇ. ನನ್ನನ್ನು ಹೆಚ್ಚು ಕಾಡಿದ್ದು ಎರಡು ತರಗತಿಗಳು ಎರಡು ಬಗೆಯ ಕೈಬರಹ ಕೇಳುವುದು. ರಸಾಯನಶಾಸ್ತ್ರದಲ್ಲಿ 5.0 ಗ್ರಾಂ ಎಂದು ಬರೆಯಬೇಕಾದಲ್ಲಿ ಬರೀ 5 ಎಂದರೆ ಅಂಕ ಹೋಗುತ್ತದೆ. ಎಷ್ಟು ನಿಖರವಾಗಿ ತೂಗಿದೆವು ಎಂಬುದನ್ನು ಆ ಸೊನ್ನೆಯೇ ಹೇಳುತ್ತದೆ. ಮಧ್ಯಾಹ್ನದ ನರ್ಸಿಂಗ್ ತರಗತಿಯಲ್ಲಿ 5.0 ಮಿಲಿಗ್ರಾಂ ಎಂದು ಬರೆದರೆ ಅದೇ ದೊಡ್ಡ ತಪ್ಪು. ಚುಕ್ಕೆ ಕಣ್ಣಿಗೆ ಬೀಳದಿದ್ದರೆ ಅದು ಐವತ್ತಾಗುತ್ತದೆ, ರೋಗಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ. ಅದೇ ಕಾರಣಕ್ಕೆ .5 ಎಂದೂ ಬರೆಯುವಂತಿಲ್ಲ, ಮುಂದೆ ಸೊನ್ನೆ ಇಟ್ಟು 0.5 ಎಂದೇ ಬರೆಯಬೇಕು. ಬೆಳಿಗ್ಗೆ ಕಲಿತ ಕೈಯನ್ನು ಮಧ್ಯಾಹ್ನ ತಿದ್ದಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಬರೆದವರಿಗೇ ಗೊತ್ತು. ಕೊನೆಗೆ ಎರಡಕ್ಕೂ ಬೇರೆ ಬೇರೆ ಬಣ್ಣದ ಪೆನ್ನು ಇಟ್ಟುಕೊಂಡೆ.

ಆದರೆ ಸೂಕ್ಷ್ಮಜೀವಿಶಾಸ್ತ್ರವನ್ನು ಜೊತೆಗೇ ಓದಿದ್ದಕ್ಕೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. ಒಂದು ಬುಧವಾರ ಸ್ಲೈಡಿನ ಮೇಲೆ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಹಾಕಿ, ಹಬೆಯಲ್ಲಿ ಬಿಸಿ ಮಾಡಿ, ತೊಳೆದು, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದೆವು. ಸೂಕ್ಷ್ಮದರ್ಶಕದಲ್ಲಿ ಗುಲಾಬಿ ಕಡ್ಡಿಗಳು, ಅವುಗಳೊಳಗೆ ಹೆಸರುಕಾಳಿನ ಬಣ್ಣದ ಪುಟ್ಟ ಚುಕ್ಕೆಗಳು. ಅವೇ ಸ್ಪೋರ್‌ಗಳು, ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆಂದು ತಾಳುವ, ಗಟ್ಟಿ ಕವಚದ ಸುಪ್ತ ರೂಪ. ಎರಡೇ ದಿನಕ್ಕೆ ಆಸ್ಪತ್ರೆಯ ಒಂದು ಕೋಣೆಯ ಬಾಗಿಲಲ್ಲಿ ಫಲಕ ಕಂಡಿತು: ಹೊರಬರುವಾಗ ಸ್ಯಾನಿಟೈಸರ್ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಒಳಗಿದ್ದ ಅಜ್ಜಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಭೇದಿ. ಅದೂ ಸ್ಪೋರ್ ಕಟ್ಟುವ ಜಾತಿ, ಆಲ್ಕೊಹಾಲ್‌ಗೆ ಜಗ್ಗುವುದಿಲ್ಲ. ಬೆರಳಿನ ಸಂದುಗಳನ್ನು ಉಜ್ಜುತ್ತಿದ್ದಾಗ ಆ ಹಸಿರು ಚುಕ್ಕೆಗಳೇ ಕಣ್ಣ ಮುಂದೆ ಬಂದವು. ಅಂದಿನಿಂದ ಕೈ ತೊಳೆಯುವಾಗ ಅವಸರ ಮಾಡಿಲ್ಲ.

ಆದ್ದರಿಂದ ನನ್ನನ್ನು ಕೇಳಿದರೆ, ನರ್ಸಿಂಗ್ ಶುರುವಾದ ಮೇಲೆ ವಿಜ್ಞಾನದ ಒಂದೇ ವಿಷಯ ಇರಲಿ, ಅದು ಸೂಕ್ಷ್ಮಜೀವಿಶಾಸ್ತ್ರವಾಗಿರಲಿ. ರಸಾಯನಶಾಸ್ತ್ರವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಉಳಿದೀತೆಂದುಕೊಂಡ ಆ ಸೆಮಿಸ್ಟರ್ ನನಗೆ ಉಳಿಯಲಿಲ್ಲ, ರಸಾಯನಶಾಸ್ತ್ರವನ್ನು ಮತ್ತೆ ಓದಬೇಕಾಯಿತು.

ಕಳೆದ ವಾರ ಇದನ್ನೆಲ್ಲ ಹೇಳುತ್ತಿದ್ದಾಗ ಹುಡುಗಿ ತಡೆದು ಕೇಳಿದಳು: "ಸೋಪಿಗೆ ಸ್ಪೋರ್ ಸಾಯುತ್ತದೆಯೇ ಚಿಕ್ಕಮ್ಮ?"

"ಸಾಯುವುದಿಲ್ಲ. ನೀರಿನೊಂದಿಗೆ ಜಾರಿ ಹೋಗುತ್ತದೆ."

"ಹಾಗಾದರೆ ಕೊಲ್ಲುವುದು ಹೇಗೆ?"

ಅಷ್ಟರಲ್ಲಿ ಅವಳ ಹಿಂದೆ ಅಕ್ಕನ ಕುಕ್ಕರ್ ಸೀಟಿ ಹೊಡೆಯಿತು. "ಅದೇ," ಎಂದೆ. "ಆಟೋಕ್ಲೇವ್ ಎಂದರೆ ದೊಡ್ಡ ಕುಕ್ಕರ್. ಹದಿನೈದು ಪೌಂಡ್ ಒತ್ತಡ, 121 ಡಿಗ್ರಿ, ಹದಿನೈದು ನಿಮಿಷ." ಅವಳು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಪುಸ್ತಕದ ಅಂಚಿನಲ್ಲಿ 121 ಎಂದು ಬರೆದುಕೊಂಡಳು.