ಕ್ಯಾಂಪಸ್ ಕ್ಯಾಲೆಂಡರ್ ಲಾಗ್: ಪೆನ್ಸಿಲ್, ಪೆನ್ನು, ಗೀಟು

ಕೇಳಲೇಬೇಕು ಅಂದುಕೊಂಡಿದ್ದ ಒಂದು ಉಪನ್ಯಾಸದ ಪೋಸ್ಟರ್, ಉಪನ್ಯಾಸ ಮುಗಿದು ಮೂರು ದಿನ ಆದ ಮೇಲೆ ನನ್ನ ಕಣ್ಣಿಗೆ ಬಿತ್ತು. ಅದೂ ದಿನಾ ನಾಲ್ಕು ಸಲ ಹತ್ತಿ ಇಳಿಯುವ ಮೆಟ್ಟಿಲ ಪಕ್ಕದ ಬೋರ್ಡಿನಲ್ಲಿ. ಅರ್ಧ ಪೋಸ್ಟರಿನ ಮೇಲೆ ಯಾರೋ ಕಳೆದುಹೋದ ಐಡಿ ಕಾರ್ಡಿನ ಚೀಟಿ ಅಂಟಿಸಿದ್ದರು. ಆ ಸಿಟ್ಟಿನಲ್ಲಿ ಶುರುವಾದ ಕೆಲಸ ಇದು. ಕ್ಯಾಂಪಸ್ಸಿನಲ್ಲಿ ಮುಂದೆ ನಡೆಯಲಿರುವ ಕಾರ್ಯಕ್ರಮಗಳನ್ನೆಲ್ಲ, ಸೆಮಿನಾರಿನಿಂದ ನಾಟಕದವರೆಗೆ, ಒಂದೇ ಕ್ಯಾಲೆಂಡರಿಗೆ ತಂದು ಎಲ್ಲರ ಫೋನಿನಲ್ಲೂ ಕಾಣುವ ಹಾಗೆ ಮಾಡಬೇಕು. ಪಿಎಚ್‌ಡಿ ಅಧ್ಯಾಯ ಬರೆಯುವ ಹೊತ್ತಿನಲ್ಲಿ ಇದನ್ನು ಮಾಡುತ್ತಿದ್ದೇನೆ ಅಂತ ನನ್ನ ಗೈಡ್‌ಗೆ ಇನ್ನೂ ಗೊತ್ತಿಲ್ಲ.

ವಾರ 1

ಮೊದಲು ಒಂದು ಎಕ್ಸೆಲ್ ಶೀಟ್ ಮಾಡಿದೆ. ಹೆಸರು, ದಿನ, ಹೊತ್ತು, ಜಾಗ, ಯಾರು ನಡೆಸುತ್ತಾರೆ, ಎಲ್ಲಿ ನೋಡಿದೆ. ಆಮೇಲೆ ನಾಲ್ಕು ದಿನ ಬೋರ್ಡಿನಿಂದ ಬೋರ್ಡಿಗೆ ಅಲೆದೆ.

ಎರಡೇ ದಿನಕ್ಕೆ ಒಂದು ವಿಷಯ ಗೊತ್ತಾಯಿತು. ವಿಭಾಗಗಳ ಕಾರ್ಯಕ್ರಮ ಸಿಗುವ ದಾರಿ ಬೇರೆ, ಸಾಂಸ್ಕೃತಿಕ ಕಾರ್ಯಕ್ರಮ ಸಿಗುವ ದಾರಿ ಬೇರೆ. ಸೆಮಿನಾರ್, ವಿಶೇಷ ಉಪನ್ಯಾಸ, ಓಪನ್ ವೈವಾ (ಎಲ್ಲರೂ ಕೂತು ನೋಡಬಹುದಾದ ಪಿಎಚ್‌ಡಿ ಮೌಖಿಕ ಪರೀಕ್ಷೆ), ವರ್ಕ್‌ಶಾಪ್ ಇವೆಲ್ಲ ಸುತ್ತೋಲೆಯಲ್ಲಿ ಬರುತ್ತವೆ. ಸಹಿ, ಸೀಲು, ಕ್ರಮಸಂಖ್ಯೆ ಎಲ್ಲ ಇರುತ್ತದೆ. ಆದರೆ ಆ ಸುತ್ತೋಲೆ ಆ ವಿಭಾಗದ ಬಾಗಿಲು ದಾಟಿ ಹೊರಗೆ ಬರುವುದಿಲ್ಲ. ನಾಟಕ, ಸಂಗೀತ ಸಂಜೆ, ಕ್ವಿಜ್, ಸಿನಿಮಾ ಪ್ರದರ್ಶನ ಇವು ಎಲ್ಲ ಕಡೆ ಕಾಣಿಸುತ್ತವೆ, ಎಲ್ಲ ವಾಟ್ಸ್‌ಆ್ಯಪ್ ಗುಂಪಿಗೂ ಬರುತ್ತವೆ. ಆದರೆ ಹೊತ್ತು ಕೇಳಿದರೆ 'ಸಂಜೆ' ಅಂತಾರೆ. ಸಂಜೆ ಅಂದರೆ ಎಷ್ಟು ಗಂಟೆ? 'ಎಲ್ಲರೂ ಬಂದ ಮೇಲೆ.'

ಶೀಟಿನಲ್ಲಿ 41 ಸಾಲು ಆಯಿತು. ಎರಡು ಸಲ ಬರೆದದ್ದನ್ನು ತೆಗೆದರೆ 33.

ವಾರ 2

ಈ ವಾರದ ದೊಡ್ಡ ತಲೆನೋವು ಪಿಡಿಎಫ್. ಸುತ್ತೋಲೆಯಿಂದ ಹೆಸರು ಕಾಪಿ ಮಾಡಿ ಶೀಟಿಗೆ ಹಾಕಿದರೆ ಕನ್ನಡ ಬರುವುದಿಲ್ಲ, ತಲೆ ಮೇಲೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಹಳೆಯ ಆಸ್ಕಿ ಫಾಂಟಿನ ಕೆಲಸ ಅದು. ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಕೋಡ್, ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಕನ್ವರ್ಟರ್ ಹಾಕಿ ನೋಡಿದೆ. ಹತ್ತರಲ್ಲಿ ಎಂಟು ಸರಿಯಾಯಿತು, ಉಳಿದೆರಡರಲ್ಲಿ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತಿತು. ಕೊನೆಗೆ ಕೈಯಲ್ಲೇ ಟೈಪ್ ಮಾಡಿದೆ. 33 ಹೆಸರು ಟೈಪ್ ಮಾಡೋದಕ್ಕೆ ಒಂದು ಗಂಟೆ ಸಾಕಿತ್ತು. ಕನ್ವರ್ಟರ್ ಹುಡುಕೋದಕ್ಕೆ ಎರಡು ದಿನ ಹೋಗಿತ್ತು.

ಇನ್ನೊಂದು ಸಣ್ಣ ಪರೀಕ್ಷೆ ಸೇರಿಸಿದೆ, ಅದು ಮಾತ್ರ ಚೆನ್ನಾಗಿ ಕೆಲಸಕ್ಕೆ ಬಂತು. ಪೋಸ್ಟರಿನಲ್ಲಿ ತಾರೀಖಿನ ಜೊತೆ ವಾರವೂ ಇದ್ದರೆ ಎರಡೂ ಹೊಂದುತ್ತವಾ ಅಂತ ನೋಡುವುದು. ಒಂದು ಪೋಸ್ಟರಿನಲ್ಲಿ '14, ಶುಕ್ರವಾರ' ಅಂತಿತ್ತು. ಆ 14 ಶನಿವಾರ. ಯೋಚಿಸಿದಾಗ ಕಾರಣ ಹೊಳೆಯಿತು. ವರ್ಷಕ್ಕೆ 365 ದಿನ, ಅಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದಕ್ಕೆ ಹೋಗುತ್ತದೆ, ಶುಕ್ರ ಇದ್ದದ್ದು ಶನಿ ಆಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಜಿಗಿಯುತ್ತದೆ. ಹೋದ ವರ್ಷದ ಫೈಲ್ ತೆರೆದು ಇಸವಿ ಬದಲಾಯಿಸಿದ್ದಾರೆ, ವಾರ ಬದಲಾಯಿಸೋಕೆ ಮರೆತಿದ್ದಾರೆ, ಅಷ್ಟೇ. ಈಗ ವಾರ ಸರಿಯಾಗಿ ಒಂದು ದಿನ ಹಿಂದಿದ್ದರೆ ನಾನು ಬರೆದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) 'ಹಳೆ ಫೈಲ್ ಇರಬಹುದು, ಕೇಳಿ ನೋಡು' ಅಂತ ಹೇಳುತ್ತದೆ. ಮೂರು ಸಿಕ್ಕಿದವು. ಎರಡರಲ್ಲಿ ತಾರೀಖೇ ಸರಿ. ಮೂರನೆಯದರಲ್ಲಿ ಮಾತ್ರ ಅವರಿಗೆ ಬೇಕಾಗಿದ್ದದ್ದು ಶುಕ್ರವಾರವೇ, ತಾರೀಖು ತಪ್ಪು. ಸುಮ್ನೆ ನಾನೇ ತಿದ್ದಿಬಿಟ್ಟಿದ್ದರೆ ಕೆಟ್ಟಿತ್ತು.

ವಾರ 3

ಶೀಟಿನಿಂದ ಕ್ಯಾಲೆಂಡರ್ ಫೈಲ್ ಮಾಡುವ ಕೆಲಸ. ಹೆಚ್ಚುಕಡಿಮೆ ಎಲ್ಲ ಫೋನೂ ಓದುವ ಒಂದು ನಮೂನೆ ಇದೆ, ಐಕ್ಯಾಲೆಂಡರ್ ಅಂತ. 1998ರಲ್ಲಿ ಮೊದಲು ಬಂತು, 2009ರಲ್ಲಿ ತಿದ್ದಿ ಆರ್‌ಎಫ್‌ಸಿ 5545 (ಇಂಟರ್ನೆಟ್ ನಿಯಮಗಳ ಒಂದು ದಾಖಲೆ) ಅಂತ ಹೊರಗೆ ತಂದರು. ನೋಡೋದಕ್ಕೆ ಬರೀ ಪಠ್ಯ ಫೈಲ್. ಸುಲಭ ಅನ್ನಿಸಿತು. ಎರಡು ಕಡೆ ಎಡವಿದೆ.

ಮೊದಲನೆಯದು ಸಾಲಿನ ಉದ್ದ. ಒಂದು ಸಾಲು 75 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಸಣ್ಣ ಅಳತೆ) ಮೀರಬಾರದು, ಮೀರಿದರೆ ಮುರಿದು ಮುಂದಿನ ಸಾಲಿಗೆ ಹಾಕಿ, ಆ ಸಾಲಿನ ಮೊದಲಿಗೆ ಒಂದು ಖಾಲಿ ಜಾಗ ಬಿಡಬೇಕು. ಅಕ್ಷರ ಅಲ್ಲ, ಬೈಟ್. ಇಂಗ್ಲಿಷಿನಲ್ಲಿ ಎರಡೂ ಒಂದೇ ಆದ್ದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ಅಕ್ಷರಗಳನ್ನು ಬೈಟಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡಿಗೂ, ಅಂದರೆ ಒಂದೊಂದು ಮೂಲ ಚಿಹ್ನೆಗೂ, 3 ಬೈಟ್ ಬೇಕು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಅದು ಸ, ವಿರಾಮ (ಒತ್ತು ತರುವ ಚಿಹ್ನೆ), ತ, ಮತ್ತೆ ವಿರಾಮ, ರ, ಈಕಾರದ ಚಿಹ್ನೆ. ಒಟ್ಟು ಆರು ಕೋಡ್, 18 ಬೈಟ್. ಇನ್ನು ಕಾರ್ಯಕ್ರಮದ ಹೆಸರಿನ ಸಾಲು 'ಸಮರಿ' ಅನ್ನುವ ಇಂಗ್ಲಿಷ್ ಪದ ಮತ್ತು ಕೋಲನ್ನಿನಿಂದ ಶುರುವಾಗಬೇಕು. ಅದಕ್ಕೇ 8 ಬೈಟ್ ಹೋಯಿತು. ಉಳಿದದ್ದು 67. ನಡುವೆ ಜಾಗ ಬಿಡದೆ ಕನ್ನಡ ತುಂಬಿದರೆ 22 ಕೋಡಿಗೆ 66 ಬೈಟ್, ಇಪ್ಪತ್ಮೂರನೆಯದರಲ್ಲಿ ಒಂದೇ ಒಂದು ಬೈಟ್ ಈ ಸಾಲಿನಲ್ಲಿ, ಉಳಿದೆರಡು ಮುಂದಿನ ಸಾಲಿನಲ್ಲಿ. ನಾನು ಬರೆದ ಸ್ಕ್ರಿಪ್ಟ್ ಕಣ್ಣು ಮುಚ್ಚಿಕೊಂಡು ಅಲ್ಲೇ ಕತ್ತರಿಸುತ್ತಿತ್ತು. ಒಂದು ಆ್ಯಪ್ ಸಾಲುಗಳನ್ನು ಮೊದಲು ಸೇರಿಸಿ ಆಮೇಲೆ ಓದುತ್ತದೆ, ಅದರಲ್ಲಿ ಏನೂ ತೊಂದರೆ ಇಲ್ಲ. ಇನ್ನೊಂದು ಸಾಲು ಸಾಲಾಗಿ ಓದುತ್ತದೆ, ಅದರಲ್ಲಿ ವಿಚಾರ ಸಂಕಿರಣದ ನಟ್ಟನಡುವೆ ಕಪ್ಪು ಚೌಕದೊಳಗೆ ಪ್ರಶ್ನಾರ್ಥಕ ಚಿಹ್ನೆ.

ತಮಾಷೆ ಏನು ಅಂದರೆ, ಸಣ್ಣ ಹೆಸರಿನ ನಾಟಕಗಳೆಲ್ಲ ಬಚಾವ್. ಪೆಟ್ಟು ಬಿದ್ದದ್ದು ಪೂರ್ತಿ ವಿಚಾರ ಸಂಕಿರಣಗಳಿಗೆ. ಅವುಗಳ ಹೆಸರೇ ಎರಡೂವರೆ ಸಾಲು ಇರುತ್ತದಲ್ವಾ! ಈಗ ಕೋಡಿನ ನಡುವೆ ಕತ್ತರಿಸದೆ ಅದಕ್ಕಿಂತ ಹಿಂದೆಯೇ ಮುರಿಯುವ ಹಾಗೆ ಮಾಡಿದ್ದೇನೆ.

ಎರಡನೆಯ ಎಡವಟ್ಟು ಇದಕ್ಕಿಂತ ಜಾಸ್ತಿ ಕಾಡಿತು. ಮೂರು ದಿನದ ಒಂದು ಸಮ್ಮೇಳನ, 12ರಿಂದ 14ರವರೆಗೆ. ಶುರು 12, ಕೊನೆ 14 ಅಂತ ಬರೆದೆ. ರೂಮ್‌ಮೇಟ್ ಫೋನ್ ತೋರಿಸಿ, "ಏನೇ, ಇದು ಎರಡೇ ದಿನನಾ? ನಾನು 14ಕ್ಕೆ ಊರಿಗೆ ಟಿಕೆಟ್ ಮಾಡಿಸಿಬಿಟ್ಟೆ" ಅಂದಳು. ಕೊನೆಯ ದಿನ ಅವಳದೇ ಪೋಸ್ಟರ್ ಪ್ರಸ್ತುತಿ ಇತ್ತು. ಇಡೀ ದಿನದ ಕಾರ್ಯಕ್ರಮ ಆದರೆ ಈ ನಮೂನೆಯಲ್ಲಿ ಕೊನೆಯ ತಾರೀಖು ಲೆಕ್ಕಕ್ಕೆ ಸೇರುವುದಿಲ್ಲ. 14ರವರೆಗೆ ಇದ್ದರೆ 15 ಅಂತ ಬರೆಯಬೇಕು. ನಿಯಮದಲ್ಲಿ ಸ್ಪಷ್ಟವಾಗಿಯೇ ಇದೆ, ನಾನು ಓದಿರಲಿಲ್ಲ. ಟಿಕೆಟ್ ರದ್ದು ಮಾಡಿದ ದುಡ್ಡು ನಾನೇ ಕೊಟ್ಟೆ.

ವಾರ 4

ಬರೆಯುವಂಥದ್ದು ಏನೂ ಇಲ್ಲ. ಅಧ್ಯಾಯ ಬರೆದೆ. ನಿಜವಾಗಿ.

ವಾರ 5

ಲಿಂಕನ್ನು ನಮ್ಮ ಹಾಸ್ಟೆಲ್ ಗುಂಪಿಗೆ ಕೊಟ್ಟಿದ್ದೆ. ಎರಡನೇ ದಿನಕ್ಕೇ ದೂರು. 'ನಿನ್ನ ಕ್ಯಾಲೆಂಡರ್ ನೋಡಿ ಹೋದ್ವಿ, ಹಾಲ್ ಬೀಗ ಹಾಕಿತ್ತು.' ಒಂದು ಚರ್ಚಾಗೋಷ್ಠಿ ಮುಂದಕ್ಕೆ ಹೋಗಿತ್ತು, ಬೋರ್ಡಿನಲ್ಲಿ ಪೋಸ್ಟರ್ ಮಾತ್ರ ಹಾಗೇ ಇತ್ತು. ಬೋರ್ಡಿಗೆ ಅಂಟಿಸುವವರು ಇದ್ದಾರೆ, ಕೀಳುವವರು ಯಾರೂ ಇಲ್ಲ.

ನಿಜ ಸಂಗತಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾ ಹೋಗಿ ಸಭಾಂಗಣದ ಅಟೆಂಡರ್ ಹತ್ತಿರ ಮುಟ್ಟಿದೆ. ಬೀಗದ ಕೈ ಅವರ ಹತ್ತಿರ, ಬುಕಿಂಗ್ ರಿಜಿಸ್ಟರೂ ಅವರ ಹತ್ತಿರ. ಅಂಚು ಸವೆದ ಉದ್ದನೆ ಪುಸ್ತಕ, ಬೆನ್ನಿಗೆ ಕಂದು ಟೇಪು, ನಡುವೆ ದಾರ ಕಟ್ಟಿದ ಒಂದು ಪೆನ್ಸಿಲ್. ಒಂದು ಪುಟಕ್ಕೆ ಒಂದು ವಾರ.

"ಅಣ್ಣಾ, ಇದ್ಯಾಕೆ ಕೆಲವು ಪೆನ್ಸಿಲ್ಲಲ್ಲಿ ಬರೆದಿದ್ದೀರಾ?"

"ಬಾಯಲ್ಲಿ ಹೇಳಿ ಹೋಗಿದ್ದು ಪೆನ್ಸಿಲ್ಲಮ್ಮ. ಸಹಿ ಆದ ಪತ್ರ ತಂದುಕೊಟ್ಟರೆ ಪೆನ್ನು."

"ಆಗಲಿಲ್ಲ ಅಂದ್ರೆ?"

"ಗೀಟು ಹೊಡೀತೀನಿ. ಅಳಿಸೋದಿಲ್ಲ. ಆಮೇಲೆ ಬಂದು ನಾವು ಬುಕ್ ಮಾಡಿದ್ವಿ ಅಂತ ಜಗಳ ತೆಗೀತಾರಲ್ಲ."

ರೂಮಿಗೆ ಬಂದು ಆರ್‌ಎಫ್‌ಸಿ ಮತ್ತೆ ತೆರೆದೆ. ಅದರಲ್ಲಿ ಕಾರ್ಯಕ್ರಮಕ್ಕೆ 'ಸ್ಟೇಟಸ್' ಅಂತ ಒಂದು ಕಲಂ ಇದೆ, ನಾನು ಅದನ್ನು ಖಾಲಿ ಬಿಟ್ಟಿದ್ದೆ. ಅದಕ್ಕೆ ಇರುವುದು ಮೂರೇ ಆಯ್ಕೆ: ಟೆಂಟೇಟಿವ್, ಕನ್ಫರ್ಮ್ಡ್, ಕ್ಯಾನ್ಸಲ್ಡ್. ಪೆನ್ಸಿಲ್, ಪೆನ್ನು, ಗೀಟು. ಸಾಲಿನ ಉದ್ದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡ ನಾನು ಈ ಕಲಂ ಕಡೆ ತಿರುಗಿಯೂ ನೋಡಿರಲಿಲ್ಲ. ಪೋಸ್ಟರಿನಲ್ಲಿ ಅಚ್ಚಾದದ್ದೆಲ್ಲ ಪಕ್ಕಾ ಅಂದುಕೊಂಡಿದ್ದೆ. ಅಟೆಂಡರ್ ಅಣ್ಣ ಪತ್ರ ಕೈಗೆ ಬರುವ ತನಕ ಯಾವುದನ್ನೂ ಪಕ್ಕಾ ಅಂದುಕೊಳ್ಳುವುದಿಲ್ಲ.

ಅವತ್ತು ರಾತ್ರಿ ಮೂರು ಬದಲಾವಣೆ ಮಾಡಿದೆ. ಪೋಸ್ಟರಿನಿಂದ ಮಾತ್ರ ಬಂದ ಕಾರ್ಯಕ್ರಮದ ಹೆಸರಿನ ಹಿಂದೆ 'ಖಚಿತವಿಲ್ಲ' ಅಂತ ಬರುತ್ತದೆ. ಕೆಲವು ಆ್ಯಪ್‌ಗಳು ಸ್ಟೇಟಸ್ ತೋರಿಸುವುದೇ ಇಲ್ಲ, ಅದಕ್ಕೇ ಹೆಸರಿನಲ್ಲೇ ಸೇರಿಸಿದ್ದು. ರದ್ದಾದದ್ದನ್ನು ಶೀಟಿನಿಂದ ಅಳಿಸುವುದಿಲ್ಲ, ಗೀಟು ಹೊಡೆಯುತ್ತೇನೆ. ಸುಮ್ಮನೆ ಮಾಯವಾದರೆ ನೋಡುವವರಿಗೆ ರದ್ದಾಯಿತೋ ನನ್ನ ಫೈಲ್ ಕೆಟ್ಟಿತೋ ಗೊತ್ತಾಗುವುದಿಲ್ಲ. ಮೂರನೆಯದು, ಪ್ರತಿ ಕಾರ್ಯಕ್ರಮದ ವಿವರದ ಕೊನೆಗೆ 'ಕೊನೆಯ ಸಲ ಕೇಳಿದ್ದು ಯಾವತ್ತು' ಅನ್ನುವ ಸಾಲು.

ಇನ್ನೊಂದು ಪಾಠವೂ ಸಿಕ್ಕಿತು. ರಿಜಿಸ್ಟರಿನ ಹೊತ್ತನ್ನು ಹಾಗೇ ಎತ್ತಿಕೊಳ್ಳಬಾರದು. ನಾಟಕಕ್ಕೆ ಬೆಳಿಗ್ಗೆ 11ಕ್ಕೇ ಹಾಲ್ ಬುಕ್ ಆಗಿರುತ್ತದೆ. ಲೈಟು ಕಟ್ಟಬೇಕು, ಸೆಟ್ ಹಾಕಬೇಕು, ಕೊನೆಯ ರಿಹರ್ಸಲ್ ಆಗಬೇಕು. ನಾಟಕ ಶುರುವಾಗುವುದು ಸಂಜೆ ಆರೂವರೆಗೆ. ವಿಚಾರ ಸಂಕಿರಣದವರು ಮಾತ್ರ ಉದ್ಘಾಟನೆಯ ಹೊತ್ತಿಗೇ ಬುಕ್ ಮಾಡಿ, ಮೈಕ್ ಪರೀಕ್ಷೆ ಮಾಡುತ್ತಾ ಅರ್ಧ ಗಂಟೆ ತಡ ಮಾಡುತ್ತಾರೆ.

ವಾರ 6

ಒಂದೇ ಕಾರ್ಯಕ್ರಮ ಎರಡೆರಡು ಸಲ ಬರುತ್ತಿತ್ತು. ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಅಂತ ಒಂದು ಗುರುತು ಇರಬೇಕು, ಅದು ಯಾವತ್ತೂ ಬದಲಾಗಬಾರದು. ನಾನು ಅದನ್ನು ಹೆಸರು ಮತ್ತು ತಾರೀಖಿನಿಂದ ಮಾಡುತ್ತಿದ್ದೆ. ತಾರೀಖು ಬದಲಾದರೆ ಗುರುತೂ ಬದಲು. ಹೊಸದು ಒಳಗೆ ಬರುತ್ತಿತ್ತು, ಕೈಯಲ್ಲಿ ಫೈಲ್ ಇಳಿಸಿಕೊಂಡವರ ಫೋನಿನಲ್ಲಿ ಹಳೆಯದೂ ಉಳಿಯುತ್ತಿತ್ತು. ಈಗ ಶೀಟಿನಲ್ಲಿ ಸಾಲು ಹುಟ್ಟಿದ ದಿನ ಕೊಟ್ಟ ನಂಬರೇ ಕೊನೆ ತನಕ.

ಕೊನೆಯ ದಿನಾಂಕಗಳನ್ನೂ ಸೇರಿಸಿದೆ. ಸಮ್ಮೇಳನ ಯಾವಾಗ ಅನ್ನುವುದಕ್ಕಿಂತ ಸಾರಲೇಖ ಕಳಿಸಲು ಕೊನೆಯ ದಿನ ಯಾವಾಗ ಅನ್ನುವುದೇ ನಮ್ಮಂಥವರಿಗೆ ಮುಖ್ಯ. ಕೆಲವು ಅಂತರರಾಷ್ಟ್ರೀಯ ಸಮ್ಮೇಳನಗಳು 'ಎನಿವೇರ್ ಆನ್ ಅರ್ಥ್' ಅಂತ ಬರೆದಿರುತ್ತವೆ. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಖು ಇನ್ನೂ ಉಳಿದಿದ್ದರೆ ಕಳಿಸಬಹುದು ಅಂತ ಅರ್ಥ. ಲೆಕ್ಕಕ್ಕೆ ಅದು ಯುಟಿಸಿಗಿಂತ (ಜಗತ್ತೆಲ್ಲ ಲೆಕ್ಕಕ್ಕೆ ಹಿಡಿಯುವ ಮೂಲ ವೇಳೆ) 12 ಗಂಟೆ ಹಿಂದೆ. ಅಂದರೆ ಗಡುವು ನಿಜವಾಗಿ ಮುಗಿಯುವುದು ಮರುದಿನ ಯುಟಿಸಿ ಮಧ್ಯಾಹ್ನ 12ಕ್ಕೆ. ಆದರೂ ಕ್ಯಾಲೆಂಡರಿನಲ್ಲಿ ಹಿಂದಿನ ದಿನವೇ ಇಟ್ಟಿದ್ದೇನೆ. ಆ ಹೆಚ್ಚಿನ ಹೊತ್ತು ಸಿಗುತ್ತದೆ ಅಂತ ಗೊತ್ತಾದರೆ ನಾವು ಏನು ಮಾಡುತ್ತೇವೆ ಅಂತ ನನಗೆ ಚೆನ್ನಾಗಿ ಗೊತ್ತು.

ಆನ್‌ಲೈನ್ ಉಪನ್ಯಾಸಗಳನ್ನು ಆಯಾ ಭಾಷಣಕಾರರ ಊರಿನ ವೇಳೆಗೇ ಕಟ್ಟಿದೆ. ಅಮೆರಿಕದ ಹೆಚ್ಚಿನ ಕಡೆ ಬೇಸಿಗೆಗೆ ಅಂತ ಗಡಿಯಾರ ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಯುರೋಪಿನ ಹೆಚ್ಚಿನ ಕಡೆ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲ ಗಲಿಬಿಲಿ.

ವಾರ 7

ಇದ್ದಕ್ಕಿದ್ದಂತೆ ಜಾಗ ಬದಲಾದರೆ ಏನು ಮಾಡುವುದು ಅನ್ನುವುದಕ್ಕೆ ಉತ್ತರ ಸಿಕ್ಕಿಲ್ಲ. ಫೀಡ್ (ಲಿಂಕಿನಲ್ಲಿರುವ ಕ್ಯಾಲೆಂಡರ್ ಫೈಲ್) ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅಂತ ಆ್ಯಪ್‌ಗೆ ಸೂಚಿಸುವ ಒಂದು ಕಲಂ 2016ರಲ್ಲಿ ಸೇರಿತು. ಹಾಕಿದ್ದೇನೆ. ಅದು ಬರೀ ಸೂಚನೆ, ಆ್ಯಪ್ ಕೇಳಿದರೆ ಕೇಳಿತು. ಒಂದು ಫೋನಿನಲ್ಲಿ ಬದಲಾವಣೆ ಕಾಣೋದಕ್ಕೆ ಅರ್ಧ ದಿನ ಹಿಡಿಯಿತು. ಹಾಗಾಗಿ ಅದೇ ದಿನದ ಬದಲಾವಣೆಗೆ ಕ್ಯಾಲೆಂಡರ್ ನಂಬುವುದು ಬಿಟ್ಟು ಗುಂಪಿಗೆ ಮೆಸೇಜ್ ಹಾಕುತ್ತಿದ್ದೇನೆ. ಹಳೆಯ ಬೋರ್ಡಿನ ಮೇಲೂ ಒಂದು ಹಾಳೆ ಅಂಟಿಸುತ್ತೇನೆ. ವಾರ ಮುಗಿದ ಮೇಲೆ ನಾನೇ ಕೀಳುತ್ತೇನೆ ಕೂಡ.

ಈಗ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ರಿಜಿಸ್ಟರ್ ನೋಡೋಕೆ ಹೋಗುತ್ತೇನೆ. ನಿನ್ನೆ ಹೋದಾಗ ಅಟೆಂಡರ್ ಅಣ್ಣ ಪುಟ ತಿರುಗಿಸುವ ಮೊದಲೇ ಕೇಳಿದರು. "ಸಣ್ಣ ಹಾಲಲ್ಲಿ ಶನಿವಾರ ಏನಾದ್ರೂ ಇದೆಯೇನಮ್ಮ ನಿನ್ನ ಫೋನಲ್ಲಿ? ನನಗೆ ಯಾರೂ ಹೇಳಿಲ್ಲ." ಇತ್ತು, ಒಂದು ಕವಿಗೋಷ್ಠಿ, ಪೋಸ್ಟರ್ ಐದು ದಿನದಿಂದ ಗೋಡೆ ಮೇಲಿದೆ. ನಡೆಸುವವರು ಹಾಲ್ ಕೇಳೋದನ್ನೇ ಮರೆತಿದ್ದರು. ಅಣ್ಣ ದಾರದ ಪೆನ್ಸಿಲ್ ಎತ್ತಿಕೊಂಡು ಬರೆದುಕೊಂಡರು. ಪತ್ರ ಇವತ್ತು ಮಧ್ಯಾಹ್ನದವರೆಗೆ ಬಂದಿರಲಿಲ್ಲ. ನನ್ನ ಶೀಟಿನಲ್ಲೂ 'ಖಚಿತವಿಲ್ಲ' ಅಂತಲೇ ಇದೆ. ಐದು ಗಂಟೆಗೆ ಅವರು ಬೀಗ ಹಾಕುವ ಮುಂಚೆ ಇನ್ನೊಂದು ಸಲ ಹೋಗಿ ನೋಡಬೇಕು.